ಅತ್ತೆಯ ಬೆನ್ನಿಗೆ ಬೀಳುವ ಗುದ್ದು

ಫೋನು ಬಂದಾಗ ನಾನು ಮಾಳಿಗೆಯ ಮೇಲೆ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತಿದ್ದೆ. ವರ್ಷದ ಖಾರಪುಡಿಗೆ ಬ್ಯಾಡಗಿಯ ತವರುಮನೆಯಿಂದಲೇ ಕಾಯಿ ಬರುವುದು ನಮ್ಮಲ್ಲಿ ರೂಢಿ. ಒಳ್ಳೆಯ ಬಿಸಿಲು ತಿಂದ ಕಾಯಿ ಗಲಗಲ ಅನ್ನುತ್ತದೆ, ಆಮೇಲೆ ತೊಟ್ಟು ಮುರಿಯುವುದು ಸುಲಭ. ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಕೂತರೂ ಸ್ವಲ್ಪ ಹೊತ್ತಿಗೆ ಬೆರಳ ತುದಿ ಉರಿಯತೊಡಗುತ್ತದೆ. ಆ ಕೈಯಲ್ಲಿ ಫೋನು ಮುಟ್ಟುವಂತಿಲ್ಲ. ಮುಟ್ಟಿದರೆ ಆಮೇಲೆ ಅದನ್ನು ಕಿವಿಗೆ ಹಿಡಿದವರ ಪಾಡು ಈಶ್ವರನೇ ನೋಡಬೇಕು. ಮೊಣಕೈಯಿಂದ ಒತ್ತಿದೆ. ಮೊಣಕೈ ಮಾತು ಆ ಫೋನು ಕೇಳಲಿಲ್ಲ. ಕಡೆಗೆ ಬಗ್ಗಿ ಮೂಗಿನ ತುದಿಯಿಂದ ಸರಿಸಿದೆ.

"ಅಕ್ಕಾರ, ಎಷ್ಟೊತ್ತರಿ ಎತ್ತಾಕ?" ತಮ್ಮನ ಹೆಂಡತಿಯ ದನಿ.

"ಮೆಣಸಿನಕಾಯಿ ಕೈ ಐತಬೇ. ಮೂಗಿಲೆ ಎತ್ತೇನಿ."

"ಮೂಗಿಲೆ? ಅಯ್ಯ ಶಿವನ!" ಎಂದು ನಕ್ಕಳು. ನಕ್ಕು ಮುಗಿಸಿ ಸುದ್ದಿ ಹೇಳಿದಳು. "ಬರೂ ಸೋಮವಾರ ಹಾವೇರ್ಯಾಗ ತೊಟ್ಟಲದಾಗ ಹಾಕೂದು ಗಟ್ಟಿ ಆತ್ರಿ. ಬೀಗರು ಈಗರ ಹೇಳಿದ್ರು."

ತಮ್ಮನ ಮಗನಿಗೆ ಹೆಣ್ಣು ಕೂಸು ಹುಟ್ಟಿತ್ತು. ಚೊಚ್ಚಲ ಬಾಣಂತನ, ಹೀಗಾಗಿ ಸೊಸೆ ಹಾವೇರಿಯ ತನ್ನ ತವರಿನಲ್ಲಿದ್ದಳು. ತೊಟ್ಟಿಲ ಕಾರ್ಯವೂ ಅಲ್ಲೇ. ನಾವು ಗಂಡಿನ ಕಡೆಯವರು ಕೂಸಿನ ಅಂಗಿ, ಕುಂಚಿಗೆ, ಗುಗ್ಗರಿ ತೆಗೆದುಕೊಂಡು ಹೋಗಬೇಕು. ಇದೆಲ್ಲ ನನಗೆ ಗೊತ್ತಿದ್ದದ್ದೇ. ಗೊತ್ತಿಲ್ಲದ್ದು ಆಮೇಲೆ ಬಂತು.

"ಮತ್ತ ಅಕ್ಕಾರ, ಕಿವ್ಯಾಗ ಹೆಸರು ನೀವ ಹೇಳಬೇಕರಿ."

"ಆತು ತಗೋ" ಅಂದುಬಿಟ್ಟೆ. ಯೋಚಿಸುವ ಮೊದಲೇ ಬಾಯಿ ಅಂದಿತ್ತು.

ಫೋನು ಇಟ್ಟ ಮೇಲೆ ಕೈ ಎರಡು ಪಟ್ಟು ಚುರುಕಾಯಿತು. ಮೊಣಕಾಲು ಮಡಚಿ ಕೂತು ಜೋಮು ಹಿಡಿದದ್ದೂ ಮರೆತಿತ್ತು. ಇನ್ನೂ ನನ್ನನ್ನು ಕರೆಯುತ್ತಾರಲ್ಲ, ಇನ್ನೂ ನಾನು ಬೇಕಲ್ಲ ಎಂಬ ಖುಷಿ. ಸುಳ್ಳು ಯಾಕೆ ಹೇಳಲಿ.

ನಮ್ಮ ಕಡೆ ಕೂಸಿಗೆ ಹೆಸರಿಡುವವಳು ಸೋದರತ್ತೆ, ಅಂದರೆ ಕೂಸಿನ ಅಪ್ಪನ ಅಕ್ಕನೋ ತಂಗಿಯೋ. ಆಕೆ ತೊಟ್ಟಿಲ ಮೇಲೆ ಬಗ್ಗಿ ಕೂಸಿನ ಕಿವಿಯಲ್ಲಿ "ಕುರ್ರ್" ಅಂದು ಹೆಸರು ಹೇಳುತ್ತಾಳೆ. ಆಕೆ ಬಗ್ಗಿದ್ದೇ ತಡ, ಸುತ್ತ ನಿಂತ ಹೆಂಗಸರೆಲ್ಲ ಆಕೆಯ ಬೆನ್ನಿಗೆ ಗುದ್ದುತ್ತಾರೆ. ಯಾಕೆ ಗುದ್ದಬೇಕು ಎಂದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹೆಸರು ಗಟ್ಟಿಯಾಗಿ ಕೂರಲಿ ಅಂತ ಕೆಲವರು, ಅತ್ತೆಯ ಬಾಯಿಂದ ಹೆಸರು ಬೇಗ ಹೊರಬೀಳಲಿ ಅಂತ ಕೆಲವರು. ನಮ್ಮವ್ವ ಮಾತ್ರ, "ಏನಿಲ್ಲ, ಹೊಟ್ಟ್ಯಾಗ ಇಟ್ಟುಕೊಂಡ ಸಿಟ್ಟು ತೀರಿಸ್ಕೊಳ್ಳಾಕ ಹೆಣ್ಣಮಕ್ಕಳಿಗೆ ಒಂದು ದಿನ ಬೇಕಲ್ಲ" ಅನ್ನುತ್ತಿದ್ದಳು.

ಬ್ಯಾಡಗಿಯ ನಮ್ಮ ಮನೆಯಲ್ಲಿ ನನ್ನ ಸರೀಕರೆಲ್ಲ ಗಂಡುಮಕ್ಕಳು. ಸ್ವಂತ ತಮ್ಮ ಒಬ್ಬ, ಉಳಿದವರು ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು. ಹೆಣ್ಣೆಂದರೆ ನಾನೊಬ್ಬಳೇ. ಹೀಗಾಗಿ ಆ ಮನೆಯಲ್ಲಿ ಹುಟ್ಟಿದ ಪ್ರತಿಯೊಂದು ಕೂಸಿಗೂ ನಾನೇ ಅತ್ತೆ. ರಾಣೆಬೆನ್ನೂರಿನಿಂದ ಬಸ್ಸು ಹತ್ತಿ ಹೋಗುವುದು, ಬಗ್ಗುವುದು, ಗುದ್ದಿಸಿಕೊಳ್ಳುವುದು, ಸೀರೆ ಉಡಿಸಿಕೊಂಡು ಬರುವುದು. ನಮ್ಮ ಮನೆಯವರು, "ಹೊಂಟಳಪ್ಪ ಹೊಡತ ತಿನ್ನಾಕ" ಅಂತ ಚಾಷ್ಟಿ ಮಾಡುತ್ತಿದ್ದರು. ಎಲ್ಲರಿಗಿಂತ ಗಟ್ಟಿಯಾಗಿ ಗುದ್ದುವವಳು ನಮ್ಮವ್ವನೇ. ಆ ಹೊಡೆತ ಬೆನ್ನಿಗೆ ಬಿದ್ದಾಗ ತವರಿನಲ್ಲಿ ನನ್ನ ಜಾಗ ಇನ್ನೂ ಇದೆ ಅನ್ನಿಸುತ್ತಿತ್ತು. ಮದುವೆಯಾಗಿ ಹೋದ ಹೆಣ್ಣಿಗೆ ಅದು ಸಣ್ಣ ಮಾತಲ್ಲ.

ತಮ್ಮನ ಮಗನಿಗೆ ನಾನೇ ಹೆಸರಿಟ್ಟೆ. ಆಮೇಲೆ ಹುಟ್ಟಿದ ಅವನ ತಂಗಿಗೂ ನಾನೇ. ಆ ಹುಡುಗಿ "ಕುರ್ರ್" ಅಂದಕೂಡಲೇ ಅಳುವುದು ಬಿಟ್ಟು ಸೀನಿದ್ದಳು. ಎಲ್ಲರೂ ನಗುವಾಗ ನಮ್ಮವ್ವ, "ಅತ್ತಿ ಮಾತಿಗೆ ಈಗ ಮೂಗು ಮುರದಳು ನೋಡ್ರಿ" ಅಂದಿದ್ದಳು.

ಮಕ್ಕಳು ಬೆಳೆಯುವುದು ನಮಗೆ ಕಾಣುವುದಿಲ್ಲ, ನಾವು ಹಣ್ಣಾಗುವುದು ಅದಕ್ಕಿಂತ ಕಾಣುವುದಿಲ್ಲ. ಯಾರೋ ಹೇಳಿಯೇ ತಿಳಿಯಬೇಕು. ನನ್ನ ಮಗ ಕುಮಾರಪಟ್ಟಣದ ಕಾರ್ಖಾನೆಯಲ್ಲಿ ಪಾಳಿ ಕೆಲಸದವನು. ಒಮ್ಮೆ ಗ್ಯಾಸಿನ ಸಿಲಿಂಡರು ಬಂದಾಗ ನಾನು ಎಂದಿನಂತೆ ಅದನ್ನು ಓರೆ ಮಾಡಿ ಉರುಳಿಸಿಕೊಂಡು ಹೊರಟಿದ್ದೆ. ನಿದ್ದೆಗಣ್ಣಿನಲ್ಲಿ ಎದ್ದು ಬಂದವನೇ, "ಬಿಡಬೇ ಯವ್ವಾ, ನಿನಗ್ಯಾಕ ಇದೆಲ್ಲ" ಎಂದು ಒಂದೇ ಕೈಯಲ್ಲಿ ಎತ್ತಿಕೊಂಡು ಒಳಗೆ ಹೋದ. ಅವನು ಪ್ರೀತಿಯಿಂದಲೇ ಅಂದದ್ದು. ಆದರೂ ನಾನು ಖಾಲಿ ಕೈಯಲ್ಲಿ ಬಾಗಿಲಲ್ಲಿ ನಿಂತು, ಇಷ್ಟು ದಿನ ಇವನನ್ನು ಸೊಂಟದ ಮೇಲೆ ಹೊತ್ತವಳು ನಾನಲ್ಲವೇ ಎಂದುಕೊಂಡೆ. ಇಷ್ಟು ದಿನ ಅಂದರೆ ಎಷ್ಟು? ಅವನ ತಲೆಯಲ್ಲಿಯೂ ಒಂದೆರಡು ಬೆಳ್ಳಗಾಗಿವೆ.

ಆಮೇಲೆ ಬಸ್ಸಿನಲ್ಲಿ ಕಂಡಕ್ಟರ್ ಒಬ್ಬ, ಮೀಸೆ ಬಂದ ಗಂಡಸು, "ಅಜ್ಜೀ, ಹಿಂದ ಸೀಟು ಐತಿ ಕುಂದರಬೇ" ಅಂದ. ನಾನು ಹಿಂದೆ ತಿರುಗಿ ನೋಡಿದೆ, ಯಾವ ಅಜ್ಜಿ ಅಂತ. ಹಿಂದೆ ಯಾರೂ ಇರಲಿಲ್ಲ. ಸೀಟು ಮಾತ್ರ ಖರೇನೇ ಖಾಲಿ ಇತ್ತು. ಹೋಗಿ ಕೂತೆ. ಕೂತ ಮೇಲೆ ಕಾಲಿಗೆ ಹಾಯೆನಿಸಿತು, ಶಿವನೇ ನಿನ್ನ ದಯೆ ಅಂದೆ. ಅಜ್ಜಿ ಅನ್ನಿಸಿಕೊಂಡದ್ದಕ್ಕೆ ಸಿಟ್ಟು ಬಂದಿದ್ದರೂ ಸೀಟು ಕೊಟ್ಟವನು ದೇವರು ಅನ್ನುವುದನ್ನು ಮರೆಯಬಾರದು.

ಇಂಥದೆಲ್ಲ ಆಗಿದ್ದ ದಿನಗಳಲ್ಲಿ ತಮ್ಮನ ಹೆಂಡತಿ "ಹೆಸರು ನೀವ ಹೇಳಬೇಕು" ಅಂದದ್ದು. ಹಿಗ್ಗದೇ ಏನು ಮಾಡಲಿ?

ಆದರೆ ಅವತ್ತೇ ಸಂಜೆ ತಮ್ಮನ ಮಗಳು ಮನೆಗೆ ಬಂದಳು. ಸೀನಿದ ಆ ಹುಡುಗಿಯೇ. ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಕೆಲಸ. ದಿನಾ ಬ್ಯಾಡಗಿಯಿಂದ ಬಂದು ಹೋಗುತ್ತಾಳೆ. ಬಸ್ಸಿಗೆ ಹೊತ್ತಿದ್ದರೆ ನಮ್ಮ ಮನೆಗೆ ಬಂದು ಚಹಾ ಕುಡಿಯುತ್ತಾಳೆ. ಮದುವೆ ಮಾಡಿಕೊಟ್ಟಿದ್ದೆವು, ಹೊಂದಿಕೆ ಆಗಲಿಲ್ಲ. ಅಲ್ಲಿ ಆಕೆ ಪಟ್ಟದ್ದನ್ನು ಇಲ್ಲಿ ಬರೆಯಲಾರೆ. ಕೋರ್ಟಿನಲ್ಲಿ ಬಿಡುಗಡೆಯಾಗಿ ತವರಿಗೆ ಬಂದಳು. ಜೀವಂತ ಬಂದಳಲ್ಲ ಎಂದು ನಾನು ದೇವರ ಜಗಲಿಯ ಮುಂದೆ ತುಪ್ಪದ ದೀಪ ಹಚ್ಚಿದ್ದೆ.

ಬಂದವಳು ಚಪ್ಪಲಿ ಬಿಡುತ್ತಲೇ ಬ್ಯಾಗಿನಿಂದ ಒಂದು ಪುಟ್ಟ ಡಬ್ಬಿ ತೆಗೆದಳು. ಒಳಗೆ ಕೂಸಿನ ಬೆಳ್ಳಿಯ ಉಡದಾರ. "ನನ್ನ ಪಗಾರದಾಗ ತಂದೇನಿ ಅತ್ತಿ. ಹ್ಯಾಂಗ ಐತಿ?"

"ಛಲೋ ಐತಿ ಮಗಳ. ಹಗೂರಕ್ಕ ಐತಿ, ಕೂಸಿಗೆ ಚುಚ್ಚಂಗಿಲ್ಲ."

ಆಕೆ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ದನಿ ತಗ್ಗಿಸಿ ಕೇಳಿದಳು. "ಅತ್ತಿ, ಆ ಕುರ್ರ್ ಅನ್ನೂದು ಜೋರಾಗಿ ಅನ್ನಬೇಕೋ, ಮೆಲ್ಲಕೋ? ಕೂಸು ಅಂಜಿದ್ರ?"

ಚಹಾ ಸೋಸುತ್ತಿದ್ದ ನನ್ನ ಕೈ ನಿಂತಿತು. ತಾಯಿ ಈಕೆಗೆ ಏನೂ ಹೇಳಿಲ್ಲ ಅನ್ನುವುದು ಆಗ ತಿಳಿಯಿತು. ಬೆಳಿಗ್ಗೆ ನಾನು ಕೇಳದೇ ಬಿಟ್ಟ ಮಾತೂ ಆಗಲೇ ತಲೆಗೆ ಹೊಳೆಯಿತು. ಆ ಕೂಸಿಗೆ ಅತ್ತೆ ಯಾರು? ಕೂಸಿನ ಅಪ್ಪನ ತಂಗಿ. ಅಂದರೆ ಈಕೆ. ನಾನಲ್ಲ. ನಾನು ಆ ಕೂಸಿಗೆ ಅಜ್ಜಿಯ ಸಾಲಿನವಳು. ನನ್ನನ್ನು ಕರೆದದ್ದು ನಾನು ಬೇಕು ಅಂತ ಅಲ್ಲ, ಈಕೆ ಬೇಡ ಅಂತ.

ಆಕೆ, "ಯಾಕತ್ತಿ, ನಿಮಗೂ ಮರತೈತೇನು?" ಎಂದು ನಕ್ಕಳು.

"ಮರೀತೈತೇನ? ಇಲ್ಲಿ ಬಾ" ಅಂದೆ. ಅವಳ ಕಿವಿಗೆ ಬಾಯಿ ಹಚ್ಚಿ, "ಕುರ್ರ್" ಅಂದೆ. ಕಚಗುಳಿಯಾಗಿ ಆಕೆ ಹೆಗಲು ಮೇಲೆತ್ತಿದಳು. "ಇಷ್ಟ. ಗುಬ್ಬಿ ರೆಕ್ಕಿ ಬಡದಂಗ. ಹೆಸರು ಮಾತ್ರ ಸ್ಪಷ್ಟ ಹೇಳಬೇಕು."

ಆಕೆ ಬಸ್ಸಿಗೆ ಹೋದ ಮೇಲೆ ನಾನು ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು ಜಗಲಿಯ ಮುಂದೆ ಕೂತೆ. ದೇವರು ನನಗೆ ಎಂದೂ ಮಾತಾಡಿದವನಲ್ಲ. ಆದರೆ ಅವನ ಮುಂದೆ ಕೂತರೆ ನನ್ನ ಸುಳ್ಳು ನನಗೇ ಕೇಳಿಸುತ್ತದೆ. ಬೆಳಗಿನಿಂದ ನಾನು ಹಿಗ್ಗಿದ್ದು ಈ ಹುಡುಗಿಯ ಪಾಲಿನದನ್ನು ಉಂಡು. ಎದ್ದು ತಮ್ಮನ ಹೆಂಡತಿಗೆ ಫೋನು ಹಚ್ಚಿದೆ.

"ಹೆಸರು ಆಕಿನ ಇಡಲಿ. ನಾ ಇಡಂಗಿಲ್ಲ."

"ಅಕ್ಕಾರ, ನಾ ತಾಯಿ ಅದೇನ್ರಿ. ನನಗ ಆಸೆ ಇಲ್ಲೇನು? ಬೀಗರ ಮನಿ, ಹತ್ತು ಮಂದಿ ಬಾಯಿ. ಗಂಡನ್ನ ಬಿಟ್ಟಾಕಿ ಶುಭಕಾರ್ಯದಾಗ ಮುಂದ ಬಂದಳು ಅಂತ ಯಾರರ ಅಂದ್ರ ಆಕಿ ಎದಿ ಒಡೀತೈತಿ. ಅದಕ್ಕರಿ."

"ಅವರು ಅನ್ನೂದ್ಕಿಂತ ಮೊದಲ ನಾವ ಅಂದಂಗ ಆತಲ್ಲಬೇ."

"ನಿಮಗ ಹೇಳೂದು ಸರಳ."

ಆಕೆಯದೂ ಸುಳ್ಳಲ್ಲ. ಹೆತ್ತವಳ ಅಂಜಿಕೆ ಬೇರೆ. ಆದರೂ ನಾನು ಒಪ್ಪಲಿಲ್ಲ, ಆಕೆಯೂ ಒಪ್ಪಲಿಲ್ಲ. "ಅಲ್ಲಿ ಬಂದ ಮ್ಯಾಲೆ ನೋಡೂಣಂತ" ಎಂದು ಫೋನು ಇಟ್ಟಳು.

ಸೋಮವಾರ ನಸುಕಿನಲ್ಲಿ ಎದ್ದು ಪೂಜೆ ಮುಗಿಸಿ, ಮನೆಯವರನ್ನು ನೇರ ಹಾವೇರಿಗೆ ಬರಲು ಹೇಳಿ, ನಾನು ಬ್ಯಾಡಗಿಯ ಬಸ್ಸು ಹತ್ತಿದೆ. ಆಧಾರ ಕಾರ್ಡು ತೋರಿಸಿದರೆ ನಮಗೆ ಹೆಣ್ಣುಮಕ್ಕಳಿಗೆ ಟಿಕೆಟ್ಟಿಗೆ ದುಡ್ಡಿಲ್ಲ. ಅದೂ ಒಂದು ದಯೆ, ಇಲ್ಲದಿದ್ದರೆ ಹೀಗೆ ಸುತ್ತು ಹಾಕಿ ಹೋಗಲು ಮನೆಯಲ್ಲಿ ಲೆಕ್ಕ ಹೇಳಬೇಕಾಗುತ್ತಿತ್ತು. ತವರಿನ ಓಣಿಯಲ್ಲಿ ಬಾಡಿಗೆ ಗಾಡಿ ಆಗಲೇ ನಿಂತಿತ್ತು. ಒಳಗೆ ಹೋದರೆ ತಮ್ಮ ಹೊಸ ಧೋತರದಲ್ಲಿ ಪಡಸಾಲೆಯ ಕಂಬದ ಹತ್ತಿರ ನಿಂತಿದ್ದ. ಮುಖ ಇಳಿದಿತ್ತು.

"ಮಗಳು ಬರಂಗಿಲ್ಲ ಅಂತಾಳಕ್ಕ. ಕಂಪನ್ಯಾಗ ಕೆಲಸ ಐತಂತ."

ಕೆಲಸ ಅಲ್ಲ ಅನ್ನುವುದು ಎಲ್ಲರಿಗೂ ಗೊತ್ತಿತ್ತು. ತಾಯಿ ರಾತ್ರಿ ಮಾತು ತಿಳಿಸಿದ್ದಳು. ಹುಡುಗಿ ಒಳಕೋಣೆಯಲ್ಲಿ ದಿನದ ಚೂಡಿದಾರದಲ್ಲೇ ಕೂತಿದ್ದಳು. ಮಂಚದ ಮೇಲೆ ಆ ಬೆಳ್ಳಿಯ ಡಬ್ಬಿ. ಆಕೆಯೇ ಹೊಲಿದ ಕುಂಚಿಗೆಯೂ ಇತ್ತು, ಹಿಂದೆ ಬೆನ್ನಿನ ತನಕ ಇಳಿಬೀಳುವ, ಅಂಚಿಗೆ ಕುಸುರಿ ಮಾಡಿದ ಕೆಂಪು ಟೊಪ್ಪಿಗೆ.

"ಇದನ್ನ ನೀವ ಒಯ್ರಿ ಅತ್ತಿ" ಅಂದಳು, ನನ್ನ ಮುಖ ನೋಡದೆ.

"ಯಾಕ? ನಿನಗ ಕೈ ಇಲ್ಲೇನು?"

"ಹೆಸರು ಇಡಾಕ ನಿಮ್ಮನ್ನ ಕರದಾರ. ನಿಮಗ ಮೊದಲ ಗೊತ್ತಿತ್ತು. ಅವತ್ತ ನನಗ ಕುರ್ರ್ ಅನ್ನೂದು ಕಲಿಸಿ ಕೊಟ್ರಿ." ಕುಂಚಿಗೆಯನ್ನು ನನ್ನ ಕಡೆ ಸರಿಸಿದಳು. "ನಗಿ ಬಂದಿರಬೇಕು ನಿಮಗ."

ಆ ಮಾತು ಎದೆಗೆ ನಾಟಿತು. ಸಮಾಧಾನದ ಮಾತು ನನಗೆ ಎಂದೂ ಬರುವುದಿಲ್ಲ. ಹೀಗಾಗಿ ಆಕೆಯ ಪಕ್ಕದಲ್ಲಿ ಮಂಚದ ಮೇಲೆ ಕಾಲು ಮೇಲೆತ್ತಿ ಕೂತೆ. ಹೊರಗೆ ಗಾಡಿಯವನು ಹಾರ್ನು ಬಾರಿಸಿದ.

"ಹೋಗ್ರಿ ಅತ್ತಿ, ಹೊತ್ತಾತು."

"ನಾ ಹೋಗಂಗಿಲ್ಲ. ನೀ ಬಂದ್ರ ನಾ. ಇಲ್ಲಂದ್ರ ಇಬ್ರೂ ಇಲ್ಲೇ ಕುಂದ್ರೂಣು. ಮಧ್ಯಾಹ್ನಕ್ಕ ಏನರ ಮಾಡ್ಕೊಂಡು ಉಣ್ಣೂಣಂತ. ಬದನಿಕಾಯಿ ಅದಾವೇನು ಮನ್ಯಾಗ?"

"ಅತ್ತಿ, ಹಟ ಮಾಡಬ್ಯಾಡ್ರಿ."

"ಈ ಮನ್ಯಾಗ ಹಟ ಯಾರ ಕಡಿಂದ ಬಂದೈತಿ ಅಂತ ಮಾಡೀ? ನನ್ನ ಕಡಿಂದ."

ತಮ್ಮ ಬಾಗಿಲಿಗೆ ಬಂದ. ಹಿಂದೆ ಅವನ ಹೆಂಡತಿ, ಜರಿ ಸೀರೆ ಉಟ್ಟು, ಕೈಯಲ್ಲಿ ಗುಗ್ಗರಿಯ ಬುಟ್ಟಿ ಹಿಡಿದು. ಇಬ್ಬರೂ ನಮ್ಮನ್ನು ನೋಡಿದರು. ತಮ್ಮ ಜೀವಮಾನದಲ್ಲಿ ನಾಲ್ಕು ಮಾತು ಕೂಡಿಸಿ ಆಡಿದವನಲ್ಲ. ಅವತ್ತು ಮಗಳಿಗೆ, "ಸೀರಿ ಉಟ್ಕೊಂಡು ಬಾ. ನಾ ಗಾಡಿ ನಿಲ್ಲಸ್ತೇನಿ" ಅಂದ. ತಾಯಿ ಬುಟ್ಟಿ ಕೆಳಗಿಟ್ಟು, ಹೋಗಿ ಟ್ರಂಕು ತೆಗೆದು ಹಸಿರು ಸೀರೆ ತಂದು ಮಗಳ ತೊಡೆಯ ಮೇಲೆ ಇಟ್ಟಳು. ಆಕೆಯ ಕಣ್ಣು ಒದ್ದೆಯಾಗಿತ್ತು. ಇನ್ನೂ ಅಂಜಿಕೆ ಇತ್ತು, ಆದರೆ ಸೀರೆ ತಂದಳು. ನಾನು ಅದನ್ನೂ ಶಿವನ ದಯೆ ಎಂದು ಎಣಿಸಿಕೊಂಡೆ.

ಹಾವೇರಿಯ ಬೀಗರ ಮನೆ ತುಂಬಿ ಹೋಗಿತ್ತು. ಪಡಸಾಲೆಯ ನಡುವೆ ಕಟ್ಟಿಗೆಯ ಬಣ್ಣದ ತೊಟ್ಟಿಲು, ಸುತ್ತ ಸೇವಂತಿಗೆ ಹಾರ. ಮೊದಲು ರೂಢಿಯಂತೆ ಗುಂಡಕಲ್ಲನ್ನು ತೊಳೆದು, ಕುಂಕುಮ ಹಚ್ಚಿ, ಅಂಗಿ ತೊಡಿಸಿ ತೊಟ್ಟಿಲಿನಲ್ಲಿ ಮಲಗಿಸಿ ತೂಗಿದರು. ಕಲ್ಲಿನ ಹಾಗೆ ಗಟ್ಟಿಯಾಗಿ ಬಾಳಲಿ ಅಂತ. ಬಾಣಂತಿ ಸೊಸೆ ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡು ಮಣೆಯ ಮೇಲೆ ಕೂತಿದ್ದಳು. ತಮ್ಮನ ಮಗಳು ಬಾಗಿಲ ಹತ್ತಿರ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು. ಎಷ್ಟು ಕರೆದರೂ ಮುಂದೆ ಬರಲಿಲ್ಲ.

ಗುಂಡಕಲ್ಲು ತೆಗೆದ ಮೇಲೆ ತೊಟ್ಟಿಲಿನಲ್ಲಿ ಹಾಸಿದ ಕೌದಿ ಸುಕ್ಕಾಗಿತ್ತು. ಕೂಸಿಗೆ ಒತ್ತೀತೆಂದು ಸರಿ ಮಾಡಲು ನಾನು ಬಗ್ಗಿದೆ, ಅಷ್ಟೇ. ಬೆನ್ನ ಮೇಲೆ ದಪ್ಪೆಂದು ಒಂದು ಗುದ್ದು ಬಿತ್ತು. ಮೇಲೆ ಇನ್ನೊಂದು. ಆಮೇಲೆ ನಾಲ್ಕೂ ಕಡೆಯಿಂದ. ನಮ್ಮ ಕಡೆಯ ಹೆಂಗಸರೇ. ಇಷ್ಟು ವರ್ಷ ನಾನು ತೊಟ್ಟಿಲಿಗೆ ಬಗ್ಗಿದರೆ ಗುದ್ದುವುದು ಅವರ ಕೈಗೆ ಅಭ್ಯಾಸವಾಗಿಬಿಟ್ಟಿದೆ. ಕೂಸು ಇನ್ನೂ ತೊಟ್ಟಿಲಿಗೇ ಬಂದಿಲ್ಲ ಅನ್ನುವುದನ್ನೂ ನೋಡಲಿಲ್ಲ.

"ನಿಲ್ರೇ! ನಿಲ್ರೇ ನಿಮ್ಮ!" ಎಂದು ಕೂಗಿಕೊಂಡು ಸೊಂಟ ಹಿಡಿದು ಎದ್ದೆ. "ಖಾಲಿ ತೊಟ್ಟಲಕ್ಕ ಹೆಸರಿಡ್ಲೇನು?"

ಮನೆ ತುಂಬ ನಗೆ. "ಬಗ್ಗಿದ್ದಕ್ಕ ಹೊಡದ್ವಿ. ಅತ್ತಿ ಬಗ್ಗೂದು ಮತ್ತ ಯಾತಕ್ಕ?" ಎಂದು ಚಿಕ್ಕಪ್ಪನ ಸೊಸೆ ಕೈ ಕೊಡವಿದಳು.

ಆಗ ನಾನು ಅಂದೆ. ಮೊದಲೇ ಯೋಚಿಸಿಟ್ಟ ಮಾತಲ್ಲ. ಎಲ್ಲರಿಗೂ ಕೇಳುವಂತೆ ಅಂದೆ. "ನಾ ಅತ್ತಿ ಅಲ್ಲ. ನಾ ಈ ಕೂಸಿಗೆ ಅಜ್ಜಿ. ಅತ್ತಿ ಅಲ್ಲಿ ಬಾಗಲದಾಗ ನಿಂತಾಳ ನೋಡ್ರಿ."

ನನ್ನನ್ನು ನಾನೇ ಅಜ್ಜಿ ಅಂದದ್ದು ಅದೇ ಮೊದಲು. ನಾಲಿಗೆಗೆ ಹೊಸದಾಗಿತ್ತು, ಆದರೆ ಕಹಿ ಇರಲಿಲ್ಲ. ಅದು ನನ್ನ ಹೆಸರೇ ಅನ್ನುವ ಹಾಗೆ ನಿಂತುಕೊಂಡೆ.

ನಗೆ ನಿಂತಿತು. ಎಲ್ಲರ ಕಣ್ಣೂ ಬಾಗಿಲಿಗೆ ಹೋದವು. ತಮ್ಮನ ಹೆಂಡತಿ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಳು. ಬೀಗರ ಕಡೆಯ ಹಿರಿಯಳೊಬ್ಬಳು, ಸೊಸೆಯ ಅಜ್ಜಿ, ಮೂಲೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದಳು. ಎಲೆ ಅಡಿಕೆ ಒಂದು ದವಡೆಗೆ ಸರಿಸಿಕೊಂಡು, "ಅಲ್ಲಬೇ, ಮುತ್ತೈದೇರು ಹೆಸರಿಡೂದು ಪದ್ಧತಿ. ಆಕಿ ಗಂಡನ..." ಎಂದು ಅಲ್ಲಿಗೇ ನಿಲ್ಲಿಸಿದಳು. ಕೆಟ್ಟವಳಲ್ಲ ಆಕೆ. ಕಲಿತದ್ದನ್ನು ಹೇಳಿದಳು. ನಾನೂ ಕೆಲವು ವರ್ಷದ ಹಿಂದೆ ಅದನ್ನೇ ಹೇಳುತ್ತಿದ್ದೆನೇನೋ.

"ಖರೇ ಐತ್ರಿ ಅಮ್ಮಾರ" ಅಂದೆ. "ಅತ್ತಿ ಹೆಸರಿಡೂದೂ ಪದ್ಧತಿನ. ಆಕಿ ಈ ಕೂಸಿಗೆ ಅತ್ತಿ ಆಗಿದ್ದು ಅಣ್ಣನಿಂದ್ರಿ, ಗಂಡನಿಂದಲ್ಲ. ಅಣ್ಣ ಇಲ್ಲೇ ಗಟ್ಟಿಮುಟ್ಟ ನಿಂತಾನ. ಕೇಳ್ರಿ ಬೇಕಾದ್ರ."

ಕೂಸಿನ ಅಪ್ಪ, ನಮ್ಮ ಹುಡುಗ, ಗಂಡಸರ ಸಾಲಿನಲ್ಲಿ ಕಿವಿಯ ತನಕ ಕೆಂಪಾಗಿ ನಿಂತಿದ್ದ. "ತಂಗೀನ ಇಡಬೇಕ್ರಿ" ಅಂದ, ಅಷ್ಟೇ. ಮಣೆಯ ಮೇಲೆ ಕೂತಿದ್ದ ಅವನ ಹೆಂಡತಿ ಕೂಸನ್ನು ಎರಡೂ ಕೈಯಲ್ಲಿ ಎತ್ತಿ ಬಾಗಿಲ ಕಡೆಗೆ ಹಿಡಿದಳು. ಹಸಿ ಬಾಣಂತಿ. ಆದರೂ ಕೈ ಇಳಿಸಲಿಲ್ಲ. ಹಾಗೆ ಹಿಡಿದ ಕೂಸನ್ನು ಯಾರು ತೆಗೆದುಕೊಳ್ಳದೇ ಇರಲಾದೀತು? ತಮ್ಮನ ಮಗಳು ಓಡಿ ಬಂದು ತೆಗೆದುಕೊಂಡಳು.

"ನಿಮ್ಮ ಕೂಸು, ನಿಮ್ಮಿಷ್ಟಪಾ" ಎಂದು ಮೂಲೆಯ ಅಜ್ಜಿ ಗುಗ್ಗರಿಯ ಬುಟ್ಟಿ ತನ್ನ ಹತ್ತಿರ ಎಳೆದುಕೊಂಡಳು. ಒಪ್ಪಿದಳೋ ಇಲ್ಲವೋ, ಎದ್ದು ಹೋಗಲಿಲ್ಲ.

ಕೂಸನ್ನು ತೊಟ್ಟಿಲಿನಲ್ಲಿ ಮಲಗಿಸಿದರು. ಆ ಕೆಂಪು ಕುಂಚಿಗೆಯಲ್ಲಿ ಮುಖ ಇನ್ನೂ ಸಣ್ಣದಾಗಿ ಕಾಣುತ್ತಿತ್ತು. ಹುಡುಗಿ ಬಗ್ಗಿದಳು. ಹಸಿರು ಸೀರೆಯ ಬೆನ್ನು ನಮ್ಮೆಲ್ಲರ ಮುಂದೆ. "ಕುರ್ರ್" ಅಂದದ್ದು ನನಗೆ ಕೇಳಿಸಿತು, ಗುಬ್ಬಿ ರೆಕ್ಕೆ ಬಡಿದಷ್ಟೇ ಮೆಲ್ಲಗೆ.

ಆದರೆ ಆ ಬೆನ್ನಿಗೆ ಒಂದು ಗುದ್ದೂ ಬೀಳಲಿಲ್ಲ.

ಯಾರಿಗೂ ಕೈ ಎತ್ತಲು ಧೈರ್ಯವಿರಲಿಲ್ಲ. ನೊಂದವಳು, ಹೇಗೆ ಹೊಡೆಯುವುದು ಎಂಬ ಮರುಕವಿದ್ದೀತು. ಹೊಡೆದರೆ ಒಪ್ಪಿದ ಹಾಗಾಗುತ್ತದೆ ಎಂಬ ಹಿಂಜರಿಕೆಯೂ ಇದ್ದೀತು. ಸುತ್ತ ನಿಂತವರು ಕೈ ಕಟ್ಟಿಕೊಂಡು ಒಬ್ಬರ ಮುಖ ಒಬ್ಬರು ನೋಡಿದರು. ಹುಡುಗಿ ಕಾಯುತ್ತಿದ್ದಳು. ಬಗ್ಗಿದವಳು ಬಗ್ಗಿದಂತೆಯೇ ಇದ್ದಳು, ಹೆಸರು ಬಾಯಿಂದ ಬಂದಿರಲಿಲ್ಲ. ಹೆಗಲು ಗಟ್ಟಿಯಾಗುತ್ತಿದ್ದದ್ದು ನನಗೆ ಕಂಡಿತು. ಇನ್ನೊಂದು ಗಳಿಗೆ ಬಿಟ್ಟರೆ ಈಕೆ ಎದ್ದು ಹೊರಗೆ ಹೋಗುತ್ತಾಳೆ, ಮತ್ತೆ ಯಾವ ಮನೆಯ ಯಾವ ಕಾರ್ಯಕ್ಕೂ ಬರುವುದಿಲ್ಲ ಅನ್ನಿಸಿತು.

ಬಳೆ ಹಿಂದೆ ಸರಿಸಿದೆ. ಮುಷ್ಟಿ ಕಟ್ಟಿ, ಶಿವಾ ಎಂದು, ಆಕೆಯ ಬೆನ್ನಿನ ನಟ್ಟನಡುವೆ ಗುದ್ದಿದೆ. ಮೆಲ್ಲಗೆ ಅಲ್ಲ. ನಾನು ಇಷ್ಟು ವರ್ಷ ತಿಂದದ್ದೆಲ್ಲ ಒಂದೇ ಸಲ ಕೊಟ್ಟ ಹಾಗೆ.

"ಅಯ್ಯೋ ಅತ್ತೀ!" ಎಂದು ಚೀರಿದಳು.

"ಹೇಳಬೇ ಹೆಸರು! ನಿದ್ದಿ ಹತ್ತೈತೇನು ಅಲ್ಲಿ?"

ಚಿಕ್ಕಪ್ಪನ ಸೊಸೆ ಎರಡನೆಯದು ಕೊಟ್ಟಳು. ಆಮೇಲೆ ಬೀಗರ ಕಡೆಯವಳೊಬ್ಬಳು, ಆಮೇಲೆ ಯಾರು ಯಾರೋ. ಗುದ್ದುಗಳ ಸದ್ದಿನ ನಡುವೆ ಆಕೆ ಹೆಸರು ಹೇಳಿದಳು. ಎರಡನೆಯ ಸಲ ಇನ್ನೂ ಜೋರಾಗಿ, ನಗುತ್ತ, ಉಸಿರು ಹಿಡಿಯುತ್ತ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅದು ಆ ಕೂಸಿನದು. ಕಡೆಯ ಗುದ್ದು ಕೊಟ್ಟವಳು ಆಕೆಯ ತಾಯಿ. ಗುದ್ದಿದಳೋ, ಬೆನ್ನು ಸವರಿದಳೋ, ಕೈ ಅಲ್ಲೇ ಇಟ್ಟುಕೊಂಡು ನಿಂತುಬಿಟ್ಟಳು.

ಹುಡುಗಿ ಎದ್ದಾಗ ಕೂದಲು ಕೆದರಿತ್ತು, ಕಣ್ಣಲ್ಲಿ ನೀರು, ಬಾಯ ತುಂಬ ನಗು. ನನ್ನ ಕಡೆ ತಿರುಗಿ, "ಇಷ್ಟು ಗಟ್ಟಿ ಹೊಡೀತಾರೇನ್ರಿ? ಅಜ್ಜಿ ಆದ್ರೂ ಕೈ ಏನು ಕಮ್ಮಿ ಇಲ್ಲ ನಿಮ್ಮದು" ಅಂದಳು.

"ಕಮ್ಮಿ ಯಾಕ ಆಗಬೇಕು?" ಅಂದೆ.

ಗುದ್ದುವವರ ಸಾಲಿನಲ್ಲಿ ನಿಂತು ನೋಡಿದರೆ ತೊಟ್ಟಿಲು ಬೇರೆಯೇ ಕಾಣುತ್ತದೆ. ಬಗ್ಗಿದವಳಿಗೆ ಕೂಸಿನ ಕಿವಿಯೊಂದೇ ಕಾಣುವುದು. ಈ ಸಾಲಿನಿಂದ ಬಗ್ಗಿದವಳೂ ಕಾಣುತ್ತಾಳೆ, ಕೂಸೂ ಕಾಣುತ್ತದೆ. ನಮ್ಮವ್ವ ಇಲ್ಲಿಯೇ ನಿಂತಿದ್ದಳು, ನನ್ನ ಬೆನ್ನ ಹಿಂದೆ, ಅಷ್ಟೂ ವರ್ಷ. ಆಕೆ ನನ್ನನ್ನು ಯಾಕೆ ಎಲ್ಲರಿಗಿಂತ ಗಟ್ಟಿಯಾಗಿ ಗುದ್ದುತ್ತಿದ್ದಳು ಎಂದು ಅವತ್ತು ತಿಳಿಯಿತು. ವಯಸ್ಸಾಗುವುದೆಂದರೆ ಈ ಸಾಲಿಗೆ ಬರುವುದಾದರೆ ನನಗೆ ತಕರಾರಿಲ್ಲ. ಇಲ್ಲಿ ನಿಲ್ಲುವವರಿಗೂ ಕೆಲಸ ಇದೆ, ಅದನ್ನು ಗಟ್ಟಿಯಾಗಿ ಮಾಡಬೇಕು.

ಊಟವಾದ ಮೇಲೆ ಹುಡುಗಿಯನ್ನು ಆ ದಿನ ಅಲ್ಲೇ ಉಳಿಸಿಕೊಂಡರು. ಕೂಸಿನ ಅತ್ತೆ, ನಾಳೆ ಹೋದರಾಯಿತು ಅಂದರು. ಗಾಡಿಯಲ್ಲಿ ತಮ್ಮನ ಹೆಂಡತಿ ನನ್ನ ಪಕ್ಕದಲ್ಲಿ ಕೂತಳು. ಮೋಟೆಬೆನ್ನೂರು ಬಂತು. ಗಾಡಿ ಬ್ಯಾಡಗಿಗೆ ತಿರುಗುವ ಮುಂಚೆ ನಾವು ಗಂಡ ಹೆಂಡತಿ ರಾಣೆಬೆನ್ನೂರಿನ ಬಸ್ಸಿಗೆಂದು ಇಳಿದಾಗ, ಕಿಟಕಿಯಿಂದ ಕೈ ಹೊರಗೆ ಚಾಚಿ ನನ್ನ ಕೈ ಹಿಡಿದು, "ಬೆನ್ನು ನೋಯಾಕತ್ತೈತೇನ್ರಿ ಅಕ್ಕಾರ? ನಿಮಗ ಸುಮ್ನ ಬಿದ್ವು" ಅಂದಳು.

"ಬಿದ್ದದ್ದು ಹೊಳ್ಳಿ ಕೊಟ್ಟೇನಿ ಬಿಡು."

ರಾಣೆಬೆನ್ನೂರಿನಲ್ಲಿ ಇಳಿದು ಮನೆಗೆ ಬರುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ನಮ್ಮ ಓಣಿಯ ಹೆಂಗಸರೆಲ್ಲ ಕೊಡ ಹಿಡಿದು ಓಡಾಡುತ್ತಿದ್ದರು. ನಳಕ್ಕೆ ನೀರು ಬಿಟ್ಟಿದ್ದರು. ಇವತ್ತು ಬರುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಇನ್ನು ಎಷ್ಟು ಹೊತ್ತು ಇರುತ್ತದೆಯೋ ಅದೂ ಗೊತ್ತಿಲ್ಲ. ನಾವು ಬರುವ ಹೊತ್ತಿಗೇ ಇನ್ನೂ ಬರುತ್ತಿದೆಯಲ್ಲ, ಶಿವನ ದಯೆ. ಉಟ್ಟ ಸೀರೆ ಬದಲಿಸಲು ಪುರಸೊತ್ತಿರಲಿಲ್ಲ. ನೆರಿಗೆ ಎತ್ತಿ ಸಿಗಿಸಿಕೊಂಡು, ಹಂಡೆಯ ತಳದಲ್ಲಿ ಉಳಿದಿದ್ದ ಹಳೆಯ ನೀರು ತುಳಸಿಗೆ ಚೆಲ್ಲಿ, ಹುಣಸೆಹಣ್ಣಿನ ಸಿಪ್ಪೆಯಿಂದ ಅದರ ಒಳಮೈ ತಿಕ್ಕಲು ಕೂತೆ.